ಅಜೀರ್ಣವೂ ಅಡುಗೆಮನೆಯ ಮದ್ದೂ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬುದು ಕನ್ನಡ ನಾಡಿನ ಮನೆಮನೆಯಲ್ಲಿಯೂ ಕೇಳಿಬರುವ ಗಾದೆ. ಊಟ ಬಲ್ಲವನೆಂದರೆ ರುಚಿಯನ್ನು ಮಾತ್ರ ಬಲ್ಲವನಲ್ಲ. ಏನನ್ನು, ಎಷ್ಟು, ಯಾವಾಗ, ಹೇಗೆ ಉಣ್ಣಬೇಕೆಂಬುದನ್ನು ಅರಿತವನೇ ಊಟ ಬಲ್ಲವನು. ಈ ಅರಿವು ಎಲ್ಲರಲ್ಲಿಯೂ ಎಲ್ಲ ಕಾಲದಲ್ಲಿಯೂ ಇರುವುದಿಲ್ಲ. ಹಬ್ಬದ ದಿನ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿಕೊಂಡವನು ಸಂಜೆಯ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಕುಳಿತುಕೊಳ್ಳುವುದು ಅಪರೂಪದ ನೋಟವೇನೂ ಅಲ್ಲ. ಹೊಟ್ಟೆ ಉಬ್ಬರಿಸುವುದು, ಹುಳಿತೇಗು ಬರುವುದು, ಎದೆ ಉರಿಯುವುದು, ಓಕರಿಕೆಯಾಗುವುದು, ಹೊಟ್ಟೆ ಭಾರವೆನಿಸುವುದು - ಊಟವಾದ ಮೇಲೆ ತೋರುವ ಇಂತಹ ತೊಂದರೆಗಳನ್ನೆಲ್ಲ ಜನರು ಒಟ್ಟಾಗಿ ಅಜೀರ್ಣವೆಂದು ಕರೆಯುತ್ತಾರೆ. ಆಗ ಮನೆಯ ಹಿರಿಯರು ಸಾಂಬಾರ ಡಬ್ಬಿಯಿಂದ ಓಮವನ್ನೋ ಜೀರಿಗೆಯನ್ನೋ ಒಣಶುಂಠಿಯನ್ನೋ ತೆಗೆದುಕೊಡುತ್ತಾರೆ. ಈ ಮದ್ದುಗಳು ಹೊಟ್ಟೆಯಲ್ಲಿ ಏನು ಮಾಡುತ್ತವೆ? ಎಲ್ಲಿಯವರೆಗೆ ಅವನ್ನು ನಂಬಬಹುದು? ಈ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಉಂಡ ಅನ್ನ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಜೀರ್ಣಕ್ರಿಯೆಯ ಗುಟ್ಟು ವೈದ್ಯರಿಗೆ ಪೂರ್ಣವಾಗಿ ತಿಳಿದಿರಲಿಲ್ಲ. ಆಹಾರವು ಜಠರದಲ್ಲಿ ಅರೆಯಲ್ಪಡುತ್ತದೆ ಎಂದು ಕೆಲವರು, ಶಾಖದಿಂದ ಬೇಯುತ್ತದೆ ಎಂದು ಕೆಲವರು, ಕೊಳೆಯುತ್ತದೆ ಎಂದು ಮತ್ತೆ ಕೆಲವರು ವಾದಿಸುತ್ತಿದ್ದರು. ಈ ವಾದಗಳಿಗೆ ತೆರೆ ಎಳೆಯಲು ನೆರವಾದುದು ಒಂದು ಅವಘಡ. 1822ರ ಜೂನ್ 6ರಂದು ಅಮೆರಿಕದ ಹ್ಯೂರಾನ್ ಸರೋವರದ ಮ್ಯಾಕಿನಾ ದ್ವೀಪದಲ್ಲಿ, ತುಪ್ಪಳದ ವ್ಯಾಪಾರದ ಅಂಗಡಿಯೊಂದರಲ್ಲಿ, ಅಕಸ್ಮಾತ್ತಾಗಿ ಕೋವಿ ಹಾರಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾದ ತರುಣನ ಪಕ್ಕೆಗೆ ದೊಡ್ಡ ಗಾಯವಾಯಿತು. ಆತ ಬದುಕುವನೆಂಬ ಆಸೆ ಯಾರಿಗೂ ಇರಲಿಲ್ಲ. ಸೈನ್ಯದ ವೈದ್ಯನಾಗಿದ್ದ ವಿಲಿಯಂ ಬೋಮಾಂಟನು ಆತನಿಗೆ ಶುಶ್ರೂಷೆ ಮಾಡಿದನು. ತರುಣನು ಉಳಿದನು, ಆದರೆ ಗಾಯವು ಪೂರ್ತಿ ಮುಚ್ಚಿಕೊಳ್ಳದೆ ಜಠರಕ್ಕೆ ನೇರವಾಗಿ ತೆರೆದುಕೊಳ್ಳುವ ಒಂದು ರಂಧ್ರವಾಗಿ ನಿಂತುಬಿಟ್ಟಿತು.

ಬೋಮಾಂಟನು ಈ ರಂಧ್ರವನ್ನು ಜೀರ್ಣಕ್ರಿಯೆಯನ್ನು ಇಣುಕಿ ನೋಡುವ ಕಿಟಕಿಯನ್ನಾಗಿ ಮಾಡಿಕೊಂಡನು. 1825ರಲ್ಲಿ ಆತ ಮಾಂಸದ ತುಂಡು, ಹಳಸಿದ ರೊಟ್ಟಿ, ಹಸಿ ಎಲೆಕೋಸು ಮುಂತಾದವನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಜಠರದೊಳಕ್ಕೆ ಇಳಿಬಿಟ್ಟು, ಗಂಟೆಗೊಮ್ಮೆ ಹೊರಗೆಳೆದು ಪರೀಕ್ಷಿಸಿದನು. ಜಠರದಿಂದ ತೆಗೆದ ರಸವನ್ನು ಸೀಸೆಯಲ್ಲಿಟ್ಟು ದೇಹದ ಶಾಖದಷ್ಟೇ ಬಿಸಿಯಾಗಿರಿಸಿದಾಗ ಅದರಲ್ಲಿ ಹಾಕಿದ ಮಾಂಸವೂ ಕರಗಿತು. ಜೀರ್ಣವಾಗುವುದು ಮುಖ್ಯವಾಗಿ ರಾಸಾಯನಿಕ ಕ್ರಿಯೆಯೆಂದು ಇದರಿಂದ ಸ್ಪಷ್ಟವಾಯಿತು. ಎಣ್ಣೆ, ಕೊಬ್ಬುಗಳಿಂದ ಕೂಡಿದ ಪದಾರ್ಥ ನಿಧಾನವಾಗಿ ಜೀರ್ಣವಾಗುವುದನ್ನು, ಕೋಪಗೊಂಡಾಗ ಜೀರ್ಣಕ್ರಿಯೆ ಕೆಡುವುದನ್ನು ಆತ ಗುರುತಿಸಿದನು. ಎರಡು ನೂರಕ್ಕೂ ಹೆಚ್ಚು ಪ್ರಯೋಗಗಳ ವಿವರವುಳ್ಳ ಅವನ ಗ್ರಂಥ 1833ರಲ್ಲಿ ಪ್ರಕಟವಾಯಿತು. ಬೋಮಾಂಟನಿಗೆ ಕೀರ್ತಿ ಬಂದಿತು. ಬಡತನದಿಂದಾಗಿ ಕರಾರಿಗೆ ಒಳಪಟ್ಟು ತನ್ನ ದೇಹವನ್ನು ಪ್ರಯೋಗಕ್ಕೆ ಒಡ್ಡಿದ ಸೇಂಟ್ ಮಾರ್ಟಿನನು ಕೊನೆಗೆ ತನ್ನ ನಾಡಿಗೆ ಹಿಂದಿರುಗಿ 1880ರವರೆಗೆ ಬದುಕಿದ್ದನು. ವಿಜ್ಞಾನದ ಇತಿಹಾಸದಲ್ಲಿ ವೈದ್ಯನ ಜಾಣ್ಮೆಯಷ್ಟೇ ಆ ಬಡ ಕೂಲಿಕಾರನ ಸಹನೆಯೂ ಸ್ಮರಣೀಯವಾದುದು.

ಇಂದು ಈ ಕ್ರಿಯೆಯ ಚಿತ್ರ ಸ್ಪಷ್ಟವಾಗಿದೆ. ಜೀರ್ಣಕ್ರಿಯೆ ಬಾಯಿಯಲ್ಲಿಯೇ ಆರಂಭವಾಗುತ್ತದೆ. ಹಲ್ಲುಗಳು ಆಹಾರವನ್ನು ನುರಿಸುತ್ತವೆ. ಜೊಲ್ಲಿನಲ್ಲಿರುವ ಕಿಣ್ವವು ಪಿಷ್ಟವನ್ನು ಒಡೆಯತೊಡಗುತ್ತದೆ. ಅನ್ನನಾಳದ ಮೂಲಕ ಇಳಿದ ತುತ್ತು ಜಠರವನ್ನು ಸೇರುತ್ತದೆ. ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಅದರೊಡನೆ ಬೆರೆಯುತ್ತವೆ. ಜಠರದ ಗೋಡೆಯ ಸ್ನಾಯುಗಳು ಅದನ್ನು ಕಡೆದು ಗಂಜಿಯಂತೆ ಮಾಡುತ್ತವೆ. ಸಾಮಾನ್ಯವಾದ ಊಟ ಜಠರವನ್ನು ದಾಟಲು ಎರಡರಿಂದ ನಾಲ್ಕು ಗಂಟೆಗಳು ಬೇಕು; ಜಿಡ್ಡು ಹೆಚ್ಚಾಗಿದ್ದರೆ ಇನ್ನೂ ತಡವಾಗುತ್ತದೆ. ಮುಂದೆ ಸುಮಾರು ಆರು ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ ಪಿತ್ತರಸ ಹಾಗೂ ಮೇದೋಜೀರಕ ಗ್ರಂಥಿಯ ರಸಗಳ ನೆರವಿನಿಂದ ಆಹಾರದ ಸಾರವೆಲ್ಲ ರಕ್ತವನ್ನು ಸೇರುತ್ತದೆ. ಜೀರ್ಣವಾಗದೆ ಉಳಿದ ಭಾಗವು ದೊಡ್ಡ ಕರುಳಿಗೆ ಸಾಗುತ್ತದೆ. ಅಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸುತ್ತವೆ.

ಈ ದಾರಿಯನ್ನು ತಿಳಿದ ಮೇಲೆ ಅಜೀರ್ಣವೆಂಬುದು ಒಂದೇ ತೊಂದರೆಯಲ್ಲ, ಹಲವು ತೊಂದರೆಗಳ ಒಟ್ಟು ಹೆಸರೆಂಬುದು ಅರಿವಾಗುತ್ತದೆ. ಅತಿಯಾಗಿ ಉಂಡಾಗ ಅಥವಾ ಜಿಡ್ಡಿನ ಪದಾರ್ಥ ಹೆಚ್ಚಾದಾಗ ಜಠರವು ಹಿಗ್ಗಿ, ಬೇಗನೆ ಬರಿದಾಗದೆ ಭಾರವೆನಿಸುತ್ತದೆ. ಅನ್ನನಾಳದ ಕೊನೆಯಲ್ಲಿ ಕವಾಟದಂತೆ ಕೆಲಸಮಾಡುವ ಸ್ನಾಯುವಿನ ಬಳೆಯೊಂದಿದೆ. ಅದು ಸಡಿಲಗೊಂಡರೆ ಜಠರದ ಆಮ್ಲ ಮೇಲಕ್ಕೆ ಉಕ್ಕಿ ಎದೆಯುರಿಯನ್ನೂ ಹುಳಿತೇಗನ್ನೂ ಉಂಟುಮಾಡುತ್ತದೆ. ದೊಡ್ಡ ಕರುಳಿನಲ್ಲಿ ಹುದುಗುವಿಕೆ ಹೆಚ್ಚಾದರೆ ವಾಯು ತುಂಬಿ ಹೊಟ್ಟೆ ಉಬ್ಬರಿಸುತ್ತದೆ. ಕಾರಣ ಬೇರೆಯಾದಂತೆ ಮದ್ದೂ ಬೇರೆಯಾಗಬೇಕು. ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ಅಹಿತವಾಗಬಹುದು.

ಹೊಟ್ಟೆ ಉಬ್ಬರಕ್ಕೆ ಕಾಳುಗಳು ಒಳ್ಳೆಯ ನಿದರ್ಶನ. ಅವರೆ, ಕಡಲೆ, ಅಲಸಂದೆ ಮೊದಲಾದ ಕಾಳುಗಳಲ್ಲಿ ರ‍್ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ಮನುಷ್ಯನ ಕರುಳಿನಲ್ಲಿ ಇಲ್ಲ. ಆದುದರಿಂದ ಅವು ಹಾಗೆಯೇ ದೊಡ್ಡ ಕರುಳನ್ನು ಮುಟ್ಟುತ್ತವೆ. ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿ ಜಲಜನಕ, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳನ್ನು ಬಿಡುತ್ತವೆ. ಈ ರಸಾಯನಶಾಸ್ತ್ರ ಗೊತ್ತಿಲ್ಲದ ಕಾಲದಲ್ಲಿಯೂ ಗೃಹಿಣಿಯರು ಅದಕ್ಕೆ ತಕ್ಕ ಉಪಾಯವನ್ನು ಕಂಡುಕೊಂಡಿದ್ದರು. ಕಾಳನ್ನು ರಾತ್ರಿಯೆಲ್ಲ ನೆನೆಹಾಕಿ ಆ ನೀರನ್ನು ಚೆಲ್ಲಿದರೆ ಈ ಸಕ್ಕರೆಗಳಲ್ಲಿ ಒಂದಂಶ ಹೊರಟುಹೋಗುತ್ತದೆ. ಮೊಳಕೆ ಬರಿಸಿದರೆ ಬೆಳೆಯುವ ಮೊಳಕೆಯೇ ಅವನ್ನು ಬಳಸಿಕೊಳ್ಳುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಅವರೆಕಾಯಿಯ ಸುಗ್ಗಿ. ಅವರೆಕಾಳನ್ನು ನೆನೆಸಿ, ಸಿಪ್ಪೆ ಹಿತುಕಿ, ಶುಂಠಿ ಬೆಳ್ಳುಳ್ಳಿಗಳ ಮಸಾಲೆಯೊಡನೆ ಬೇಯಿಸುವ ಹಿತುಕಿದ ಬೇಳೆಯ ಸಾರಿನಲ್ಲಿ ರುಚಿಯೊಡನೆ ಆರೋಗ್ಯದ ವಿವೇಕವೂ ಅಡಗಿದೆ. ರೋಗ ಬಂದ ಮೇಲೆ ಮದ್ದು ಕೊಡುವುದಕ್ಕಿಂತ ಅಡುಗೆಯಲ್ಲಿಯೇ ಮದ್ದನ್ನು ಬೆರೆಸುವುದು ಈ ನಾಡಿನ ಪದ್ಧತಿಯಾಗಿದೆ.

ಹೀಗೆ ಬೆರೆಸುವ ಪದಾರ್ಥಗಳಲ್ಲಿ ಶುಂಠಿಗೆ ಹಿರಿಯ ಸ್ಥಾನವಿದೆ. ಹಸಿಶುಂಠಿಯ ಖಾರಕ್ಕೆ ಜಿಂಜರಾಲ್ ಎಂಬ ವಸ್ತು ಕಾರಣ. ಒಣಗಿದಾಗ ಅದರ ಒಂದು ಭಾಗ ಇನ್ನೂ ಖಾರವಾದ ಶೋಗಾಲ್ ಆಗಿ ಮಾರ್ಪಡುತ್ತದೆ. ಶುಂಠಿಯನ್ನು ಸೇವಿಸಿದಾಗ ಜಠರ ಬೇಗನೆ ಬರಿದಾಗುವುದನ್ನು ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿವೆ. ಓಕರಿಕೆಯನ್ನು ತಗ್ಗಿಸುವ ಅದರ ಗುಣವೂ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆದಕಾರಣ ಊಟ ಭಾರವಾದಾಗ ಚಿಕ್ಕ ಶುಂಠಿಯ ಚೂರನ್ನು ಉಪ್ಪಿನೊಡನೆ ಅಗಿಯುವುದು ಅಥವಾ ಶುಂಠಿಯ ಕಷಾಯ ಕುಡಿಯುವುದು ಅರ್ಥವುಳ್ಳ ರೂಢಿ. ಆದರೆ ಎದೆಯುರಿ ಇರುವವರಿಗೆ ಹೆಚ್ಚು ಶುಂಠಿ ಉರಿಯನ್ನೇ ಹೆಚ್ಚಿಸಬಹುದು. ರಕ್ತ ಹೆಪ್ಪುಗಟ್ಟದಂತೆ ಔಷಧಿ ತೆಗೆದುಕೊಳ್ಳುತ್ತಿರುವವರು ಅದನ್ನು ಮದ್ದಿನ ಪ್ರಮಾಣದಲ್ಲಿ ಸೇವಿಸುವ ಮೊದಲು ವೈದ್ಯರನ್ನು ಕೇಳುವುದು ಲೇಸು.

ಓಮ, ಜೀರಿಗೆ, ಸೋಂಪು - ಈ ಮೂರೂ ಒಂದೇ ಸಸ್ಯಕುಟುಂಬಕ್ಕೆ ಸೇರಿದ ಬಂಧುಗಳು. ಇವುಗಳ ಕಾಳಿನಲ್ಲಿ ಸುವಾಸನೆಯ ತೈಲಗಳಿವೆ. ಓಮದ ಘಾಟಿಗೆ ಥೈಮಾಲ್ ಕಾರಣ. ಸೋಂಪಿನ ಸಿಹಿ ಪರಿಮಳಕ್ಕೆ ಅನೆಥೋಲ್ ಕಾರಣ. ಇಂತಹ ತೈಲಗಳು ಕರುಳಿನ ಸ್ನಾಯುಗಳ ಬಿಗಿತವನ್ನು ಸಡಿಲಿಸುತ್ತವೆ. ಸಿಕ್ಕಿಕೊಂಡ ವಾಯು ಹೊರಬರಲು ದಾರಿಯಾಗುತ್ತದೆ. ಒಂದು ಚಮಚ ಜೀರಿಗೆಯನ್ನು ಎರಡು ಲೋಟ ನೀರಿನಲ್ಲಿ ಕುದಿಸಿ ಒಂದು ಲೋಟಕ್ಕೆ ಇಳಿಸಿದರೆ ಜೀರಿಗೆ ಕಷಾಯ ಸಿದ್ಧ. ಓಮವನ್ನು ಚಿಟಿಕೆ ಉಪ್ಪಿನೊಡನೆ ಅಗಿದು ಬಿಸಿನೀರು ಕುಡಿಯುವುದು ಇನ್ನೂ ಸುಲಭ. ಹಿತ್ತಿಲಿನ ದೊಡ್ಡಪತ್ರೆಯ ಎಲೆ ಓಮದಂತೆಯೇ ಘಮಘಮಿಸುತ್ತದೆ. ಥೈಮಾಲ್ ಮತ್ತು ಅದರ ಸಮೀಪದ ಬಂಧುವಾದ ಕಾರ್ವಕ್ರಾಲ್ ಆ ಎಲೆಯಲ್ಲಿಯೂ ಇರುವುದೇ ಇದಕ್ಕೆ ಕಾರಣ. ಪುದೀನದ ತೈಲವೂ ಕರುಳಿನ ಸೆಳೆತವನ್ನು ಶಮನಗೊಳಿಸುತ್ತದೆ. ಆದರೆ ಅದು ಅನ್ನನಾಳದ ಕವಾಟವನ್ನೂ ಸಡಿಲಿಸುವುದರಿಂದ ಎದೆಯುರಿಯವರಿಗೆ ಸಲ್ಲದು. ಕಾರಣವನ್ನು ಅರಿಯದೆ ಮದ್ದನ್ನು ಬಳಸಬಾರದೆಂಬ ಮಾತಿಗೆ ಇದು ತಕ್ಕ ಉದಾಹರಣೆ.

ಬೇಳೆಯ ಸಾರಿಗೆ ಇಂಗಿನ ಒಗ್ಗರಣೆ ಇಲ್ಲದಿದ್ದರೆ ಅದು ಸಾರೆನಿಸುವುದಿಲ್ಲ ಎನ್ನುವವರುಂಟು. ವಾಯುಹರವೆಂದು ಹೆಸರಾದ ಈ ಇಂಗು ಇರಾನ್, ಆಫ್ಘಾನಿಸ್ತಾನಗಳ ಒಣಪ್ರದೇಶಗಳಲ್ಲಿ ಬೆಳೆಯುವ ಫೆರುಲ ಜಾತಿಯ ಗಿಡಗಳ ಬೇರಿನಿಂದ ಒಸರುವ ಅಂಟು. ಗಂಧಕದ ಸಂಯುಕ್ತಗಳಿಂದ ಅದಕ್ಕೆ ಆ ತೀಕ್ಷ್ಣವಾದ ವಾಸನೆ ಬಂದಿದೆ. ಭಾರತೀಯರ ಅಡುಗೆಯಲ್ಲಿ ಶತಮಾನಗಳಿಂದ ನೆಲೆಗೊಂಡಿದ್ದರೂ ಅದು ಹೊರದೇಶಗಳಿಂದಲೇ ಬರುತ್ತಿತ್ತು. 2020ರ ಅಕ್ಟೋಬರಿನಲ್ಲಿ ಹಿಮಾಚಲ ಪ್ರದೇಶದ ಪಾಲಂಪುರದ ಹಿಮಾಲಯ ಜೈವಿಕ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಲಾಹೌಲ್ ಕಣಿವೆಯಲ್ಲಿ ಇಂಗಿನ ಸಸಿಗಳನ್ನು ನೆಡಿಸಿ ದೇಶದಲ್ಲಿಯೇ ಅದನ್ನು ಬೆಳೆಯುವ ಪ್ರಯತ್ನಕ್ಕೆ ನಾಂದಿ ಹಾಡಿದರು.

ಮಜ್ಜಿಗೆಯ ಮಹಿಮೆಯನ್ನು ಬಲ್ಲವರು ಊಟವನ್ನು ಅದರಿಂದಲೇ ಮುಗಿಸುತ್ತಾರೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಅನೇಕ ವಯಸ್ಕರಿಗೆ ಅರಗುವುದಿಲ್ಲ. ಹಾಲು ಹೆಪ್ಪಾಗುವಾಗ ಬ್ಯಾಕ್ಟೀರಿಯಗಳು ಅದರಲ್ಲಿ ಒಂದು ಭಾಗವನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆದುದರಿಂದ ಹಾಲು ಒಗ್ಗದವರಿಗೂ ಮಜ್ಜಿಗೆ ಒಗ್ಗುವುದುಂಟು. ಮಲೆನಾಡು, ಕರಾವಳಿಗಳ ತಂಬುಳಿಯಲ್ಲಿ ಈ ಮಜ್ಜಿಗೆಯೊಡನೆ ಶುಂಠಿ, ಜೀರಿಗೆ, ಮೆಂತ್ಯ, ಒಂದೆಲಗ, ದೊಡ್ಡಪತ್ರೆಗಳು ಸೇರುತ್ತವೆ. ಕರಾವಳಿಯ ಪುನರ್ಪುಳಿ ಸಾರು, ಬಯಲುಸೀಮೆಯ ರೊಟ್ಟಿಯೂಟದ ಕೊನೆಯ ಮಜ್ಜಿಗೆ - ಹೀಗೆ ಒಂದೊಂದು ಸೀಮೆಯೂ ತನ್ನ ನೆಲದಲ್ಲಿ ದೊರೆಯುವುದರಿಂದಲೇ ತನ್ನ ಪಥ್ಯವನ್ನು ರೂಪಿಸಿಕೊಂಡಿದೆ.

ರೂಢಿಯಲ್ಲಿರುವುದೆಲ್ಲವೂ ಒಳ್ಳೆಯದೇ ಎಂದು ಭಾವಿಸುವುದು ಮಾತ್ರ ತಪ್ಪಾಗುತ್ತದೆ. ಅಡುಗೆ ಸೋಡವನ್ನು ನೀರಿನಲ್ಲಿ ಕದಡಿ ಕುಡಿದರೆ ಅದು ಜಠರದ ಆಮ್ಲವನ್ನು ತಟಸ್ಥಗೊಳಿಸಿ ಕೂಡಲೇ ಉಪಶಮನ ನೀಡುತ್ತದೆ, ನಿಜ. ಆದರೆ ಅದರಲ್ಲಿ ಸೋಡಿಯಂ ಹೆಚ್ಚು. ರಕ್ತದ ಒತ್ತಡವುಳ್ಳವರಿಗೂ ಮೂತ್ರಪಿಂಡದ ಕಾಯಿಲೆಯವರಿಗೂ ಅದು ಹಾನಿಕರ. ಎದೆಯುರಿಗೆ ತಣ್ಣನೆಯ ಹಾಲು ಕುಡಿದರೆ ಕ್ಷಣಕಾಲ ಹಿತವೆನಿಸಿದರೂ ಅನಂತರ ಆಮ್ಲದ ಸ್ರವಿಕೆ ಹೆಚ್ಚಾಗಬಹುದು. ಊಟದ ಬಳಿಕ ತಾಂಬೂಲ ಹಾಕಿಕೊಳ್ಳುವುದು ಬಹುಕಾಲದ ಶಿಷ್ಟಾಚಾರ. ಅಡಿಕೆ ಬೆಳೆಯುವುದರಲ್ಲಿ ಕರ್ನಾಟಕವು ದೇಶಕ್ಕೇ ಮೊದಲನೆಯದು. ಆದರೂ ಅಡಿಕೆಯನ್ನು ಅಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಿಳಿಸಿದೆ. ಹೊಗೆಸೊಪ್ಪು ಬೆರೆತರೆ ಅಪಾಯ ಇನ್ನೂ ಹೆಚ್ಚು. ಊಟದ ಕೊನೆಗೆ ಬಾಯಿಗೆ ಏನಾದರೂ ಬೇಕೆನಿಸಿದರೆ ಒಂದಿಷ್ಟು ಸೋಂಪು ಸಾಕು. ಇನ್ನು ಹಸುಗೂಸುಗಳ ವಿಷಯದಲ್ಲಿ ಯಾವ ಕಷಾಯವೂ ಬೇಡ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಅವುಗಳ ಆಹಾರ.

ಮನೆಮದ್ದಿಗೆ ಒಂದು ಎಲ್ಲೆಯಿದೆ. ಆ ಎಲ್ಲೆಯನ್ನು ತಿಳಿಯದಿದ್ದರೆ ಮದ್ದೇ ಮೃತ್ಯುವಿಗೆ ದಾರಿಯಾದೀತು. ಅಪೆಂಡಿಸೈಟಿಸ್ ಎಂಬ ಬೇನೆಯಲ್ಲಿ ನೋವು ಸಾಮಾನ್ಯವಾಗಿ ಹೊಕ್ಕುಳಿನ ಸುತ್ತ ಆರಂಭವಾಗಿ ಕೆಲವು ಗಂಟೆಗಳಲ್ಲಿ ಕೆಳಹೊಟ್ಟೆಯ ಬಲಭಾಗಕ್ಕೆ ಸರಿಯುತ್ತದೆ. ಜ್ವರವೂ ವಾಂತಿಯೂ ಜೊತೆಗೂಡಬಹುದು. ಇದನ್ನು ಅಜೀರ್ಣವೆಂದು ಬಗೆದು ಹರಳೆಣ್ಣೆ ಕುಡಿಸಿದರೆ ಊದಿಕೊಂಡ ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ನಂಜೇರುವ ಭಯವಿದೆ. ಹೃದಯಾಘಾತದ ನೋವು ಕೂಡ ಕೆಲವರಲ್ಲಿ ಎದೆಯುರಿಯಂತೆ, ಮೇಲ್ಹೊಟ್ಟೆಯ ಸಂಕಟದಂತೆ ತೋರುತ್ತದೆ. “ಗ್ಯಾಸ್ ಆಗಿದೆ” ಎಂದು ಓಮದ ನೀರು ಕೊಟ್ಟು ಮಲಗಿಸಿದ ಮನೆಗಳಲ್ಲಿ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ. ಎದೆಯಲ್ಲಿ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಿದರೆ, ತಣ್ಣನೆಯ ಬೆವರು ಬಂದರೆ, ಉಸಿರು ಕಟ್ಟಿದರೆ, ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕದಲ್ಲಿ 108 ಸಂಖ್ಯೆಗೆ ದೂರವಾಣಿ ಮಾಡಿದರೆ ತುರ್ತು ವಾಹನ ದೊರೆಯುತ್ತದೆ. ಮಲ ಕಪ್ಪಾಗುವುದು, ರಕ್ತ ವಾಂತಿಯಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ತೊಡಕಾಗುವುದು, ವಾರಗಟ್ಟಲೆ ನೋವು ಬಿಡದಿರುವುದು - ಇವೆಲ್ಲ ವೈದ್ಯರನ್ನು ಕಾಣಲೇಬೇಕಾದ ಸೂಚನೆಗಳು.

ಬಿಡದೆ ಕಾಡುವ ಹೊಟ್ಟೆಯುರಿಯ ಹಿಂದೆ ಎಂತಹ ಕಾರಣವಿರಬಹುದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಖಾರದ ಊಟದಿಂದಲೂ ಮನಸ್ಸಿನ ತಳಮಳದಿಂದಲೂ ಜಠರದ ಹುಣ್ಣು ಉಂಟಾಗುತ್ತದೆಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯವೇ ಇದಕ್ಕೆ ಮುಖ್ಯ ಕಾರಣವೆಂದು ಸಾರಿದರು. ಅನೇಕರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಗಳಿದ್ದ ದ್ರವವನ್ನು ತಾನೇ ಕುಡಿದು, ಕೆಲವೇ ದಿನಗಳಲ್ಲಿ ಜಠರದ ಉರಿಯೂತಕ್ಕೆ ಗುರಿಯಾಗಿ ತನ್ನ ಮಾತಿಗೆ ಬಲ ತಂದನು. 2005ರಲ್ಲಿ ಇವರಿಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ಈ ಹುಣ್ಣನ್ನು ಯಾವ ಕಷಾಯವೂ ವಾಸಿಮಾಡಲಾರದು. ವೈದ್ಯರು ಕೊಡುವ ಔಷಧಿಗಳಿಂದ ಅದು ಗುಣವಾಗುತ್ತದೆ.

ಎಲ್ಲ ಮದ್ದಿಗಿಂತಲೂ ಮೇಲಾದುದು ಊಟದ ಶಿಸ್ತು. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ತಿಳಿಯಲು ಸುಮಾರು ಇಪ್ಪತ್ತು ನಿಮಿಷ ಬೇಕು. ಗಬಗಬನೆ ಉಣ್ಣುವವನು ಆ ಸುದ್ದಿ ತಲಪುವ ಮೊದಲೇ ಮಿತಿಮೀರಿರುತ್ತಾನೆ; ಅನ್ನದೊಡನೆ ಗಾಳಿಯನ್ನೂ ನುಂಗಿರುತ್ತಾನೆ. ಚೆನ್ನಾಗಿ ಅಗಿದು, ನಿಧಾನವಾಗಿ, ಶಾಂತಚಿತ್ತದಿಂದ ಉಣ್ಣಬೇಕು. ಉಂಡ ಕೂಡಲೇ ಮಲಗದೆ ಹತ್ತು ಹದಿನೈದು ನಿಮಿಷ ಮೆಲ್ಲನೆ ಅಡ್ಡಾಡಬೇಕು. ರಾತ್ರಿಯ ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆಗಳ ಅಂತರವಿದ್ದರೆ ಆಮ್ಲವು ಮೇಲಕ್ಕೆ ಉಕ್ಕುವುದಿಲ್ಲ. ಇವುಗಳಿಗೆ ಹಣದ ಖರ್ಚಿಲ್ಲ. ಬೇಕಾದುದು ಮನಸ್ಸಿನ ಹಿಡಿತ ಮಾತ್ರ.

ಅಡುಗೆಮನೆಯ ಡಬ್ಬಿಯಲ್ಲಿರುವ ಓಮ, ಶುಂಠಿಗಳು ತಲೆಮಾರುಗಳ ಅನುಭವದಿಂದ ಬಂದ ಸಂಪತ್ತು. ಅವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದೂ ಸರಿಯಲ್ಲ, ಸರ್ವರೋಗಕ್ಕೂ ಸಂಜೀವಿನಿಯೆಂದು ನಂಬುವುದೂ ಸರಿಯಲ್ಲ. ಚಿಕ್ಕ ತೊಂದರೆಗೆ ಮನೆಯ ಮದ್ದು, ದೊಡ್ಡ ತೊಂದರೆಗೆ ವೈದ್ಯರ ಮದ್ದು. ಯಾವುದು ಚಿಕ್ಕದು, ಯಾವುದು ದೊಡ್ಡದು ಎಂಬುದನ್ನು ಗುರುತಿಸುವ ಅರಿವೇ ಇವೆರಡಕ್ಕಿಂತಲೂ ದೊಡ್ಡ ಮದ್ದು.

ಪದಗಳ ಅರ್ಥ

ಅವಘಡ - ಆಪತ್ತು, ಅಪಘಾತ
ಉಪಶಮನ - ಶಾಂತಿ, ನೋವು ತಗ್ಗುವುದು
ಕಿಣ್ವ - ದೇಹದಲ್ಲಿ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು
ತುಪ್ಪಳ - ಪ್ರಾಣಿಗಳ ಮೃದುವಾದ ಕೂದಲು
ಪಥ್ಯ - ಹಿತವಾದ ಆಹಾರಕ್ರಮ
ಪಾರಿತೋಷಕ - ಬಹುಮಾನ
ಪಿಷ್ಟ - ಹಿಟ್ಟಿನ ಸತ್ವ, ಗಂಜಿ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
1. ಸೇಂಟ್ ಮಾರ್ಟಿನನಿಗೆ ಗಾಯವಾದುದು ಹೇಗೆ?
2. ಓಮದ ಘಾಟಿಗೆ ಕಾರಣವಾದ ವಸ್ತು ಯಾವುದು?
3. ಹಾಲು ಒಗ್ಗದವರಿಗೂ ಮಜ್ಜಿಗೆ ಒಗ್ಗುವುದೇಕೆ?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಕಾಳುಗಳನ್ನು ತಿಂದಾಗ ಹೊಟ್ಟೆ ಉಬ್ಬರಿಸಲು ಕಾರಣವೇನು? ಅದಕ್ಕೆ ಗೃಹಿಣಿಯರು ಕಂಡುಕೊಂಡ ಉಪಾಯಗಳಾವುವು?
2. ಪುದೀನವು ಎದೆಯುರಿಯವರಿಗೆ ಏಕೆ ಸಲ್ಲದು?
3. ಮಾರ್ಷಲ್ ತನ್ನ ಮಾತನ್ನು ಸಮರ್ಥಿಸಿಕೊಂಡ ಬಗೆಯನ್ನು ತಿಳಿಸಿ.

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ.
1. ಬೋಮಾಂಟನ ಪ್ರಯೋಗಗಳನ್ನೂ ಅವುಗಳಿಂದ ತಿಳಿದುಬಂದ ಸಂಗತಿಗಳನ್ನೂ ವಿವರಿಸಿ.
2. “ಮನೆಮದ್ದಿಗೆ ಒಂದು ಎಲ್ಲೆಯಿದೆ.” ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿ.

ಈ. ಸಂಧಿ ಬಿಡಿಸಿ ಹೆಸರಿಸಿ.
ಶಿಷ್ಟಾಚಾರ, ಹೊಟ್ಟೆಯೊಳಗೆ, ಹೃದಯಾಘಾತ

ಉ. ಮಾಡಿ ನೋಡಿ.
ಮನೆಯ ಹಿರಿಯರನ್ನು ಕೇಳಿ, ಊಟದ ನಂತರದ ತೊಂದರೆಗಳಿಗೆ ನಿಮ್ಮ ಊರಿನಲ್ಲಿ ಬಳಸುವ ಐದು ಮನೆಮದ್ದುಗಳನ್ನು ಬರೆದುಕೊಳ್ಳಿ. ಒಂದೊಂದೂ ಯಾವ ತೊಂದರೆಗೆ ಸಲ್ಲುತ್ತದೆ, ಯಾರಿಗೆ ಸಲ್ಲದು ಎಂಬುದನ್ನು ತರಗತಿಯಲ್ಲಿ ಚರ್ಚಿಸಿ.